ಹಕ್ಕಿಯ ಕಾಲಿಗೊಂದು ಉಂಗುರ

ಪ್ರತಿ ವರ್ಷವೂ ಮುಂಗಾರು ಹಿಂದೆಗೆದು ಶರದೃತುವು ಪ್ರವೇಶಿಸುವ ಸಮಯದಲ್ಲಿ, ನಮ್ಮ ಕೆರೆಗಳ ಅಂಚಿನಲ್ಲಿಯೂ ಗದ್ದೆಯ ಬದುಗಳ ಮೇಲೆಯೂ ಅದುವರೆಗೆ ಇಲ್ಲದಿದ್ದ ಹಕ್ಕಿಗಳು ಕಾಣಿಸಿಕೊಳ್ಳುತ್ತವೆ. ಬಾಲವನ್ನು ಕುಣಿಸುತ್ತ ಓಡಾಡುವ ಸಿಪಿಲೆ, ತಂತಿಯ ಮೇಲೆ ಸಾಲಾಗಿ ಕುಳಿತುಕೊಳ್ಳುವ ಕವಲುತೋಕೆ, ಕೆಸರಿನಲ್ಲಿ ಕೊಕ್ಕನ್ನಿಟ್ಟು ಹುಳುಗಳನ್ನು ಹುಡುಕುವ ಗದ್ದೆಗೊರವ, ಇವುಗಳಿಗೆ ಕರೆಯೋಲೆಯನ್ನು ಕಳುಹಿಸಿದವರಿಲ್ಲ, ದಾರಿಯನ್ನು ತೋರಿಸಿದವರಿಲ್ಲ. ಬೇಸಗೆಯು ಸಮೀಪಿಸಲು ಅವು ಬಂದಂತೆಯೇ ಮೌನವಾಗಿ ಹೊರಟುಹೋಗುತ್ತವೆ. ಅವು ಎಲ್ಲಿಂದ ಬಂದುವು? ಎಲ್ಲಿಗೆ ಹೋದುವು? ಈ ವರ್ಷ ಬಂದ ಹಕ್ಕಿಯೇ ಬರುವ ವರ್ಷವೂ ಬರುವುದೋ, ಅಥವಾ ಅದರ ಸಂತತಿಯೋ? ನೋಡಲು ಎಲ್ಲವೂ ಒಂದೇ ಬಗೆಯಾಗಿರುವಾಗ ಈ ಪ್ರಶ್ನೆಗಳಿಗೆ ಉತ್ತರವನ್ನು ಹೇಳುವುದಾದರೂ ಹೇಗೆ?

ಪ್ರಿಯ ವಿದ್ಯಾರ್ಥಿನಿಯರೇ, ಹಕ್ಕಿಗಳು ತಮ್ಮ ಹೋಗುವ ಕಾಲವನ್ನೂ ಬರುವ ಕಾಲವನ್ನೂ ಬಲ್ಲವೆಂಬುದನ್ನು ಪ್ರವಾದಿಯಾದ ಯೆರೆಮೀಯನು ತನ್ನ ಗ್ರಂಥದ 8ನೆಯ ಅಧ್ಯಾಯದಲ್ಲಿ ಸಾಕ್ಷಿಯಾಗಿ ಮುಂದಿಟ್ಟು ತನ್ನ ಜನರನ್ನು ಎಚ್ಚರಿಸಿದನೆಂಬುದನ್ನು ನೀವು ಓದಿದ್ದೀರಿ. ಹಕ್ಕಿಗೆ ತಿಳಿದಿರುವ ಆ ಸಂಗತಿಯನ್ನು ಮನುಷ್ಯನು ತಾನೂ ತಿಳಿದುಕೊಳ್ಳುವುದಕ್ಕೆ ಎರಡು ಸಾವಿರ ವರ್ಷಗಳಿಗಿಂತಲೂ ಹೆಚ್ಚು ಕಾಲ ಬೇಕಾಯಿತು. ಕೊನೆಗೆ ಅವನ ಕೈಗೆ ದೊರೆತ ಸಾಧನವು ದೊಡ್ಡ ಯಂತ್ರವೇನೂ ಅಲ್ಲ. ಹಗುರವಾದ ಒಂದು ಲೋಹದ ಉಂಗುರ. ಆ ಉಂಗುರದ ಕಥೆಯೇ ಈ ಪಾಠದ ವಿಷಯವು.

೧. ಊಹೆಯಿಂದ ಸಾಕ್ಷಿಗೆ

ಪೂರ್ವಕಾಲದ ಪಂಡಿತರು ಹಕ್ಕಿಗಳ ಮಾಯವಾಗುವಿಕೆಗೆ ನಾನಾ ಕಾರಣಗಳನ್ನು ಕಲ್ಪಿಸಿದರು. ಗ್ರೀಕ್ ತತ್ತ್ವಜ್ಞಾನಿಯಾದ ಅರಿಸ್ಟಾಟಲನು ಕೆಲವು ಹಕ್ಕಿಗಳು ವಲಸೆ ಹೋಗುವುದನ್ನು ಅರಿತಿದ್ದರೂ, ಕವಲುತೋಕೆಗಳು ಚಳಿಗಾಲದಲ್ಲಿ ಪೊಟರೆಗಳಲ್ಲಿ ಅಡಗಿ ನಿದ್ರಿಸುವುವೆಂದೂ, ಒಂದು ಜಾತಿಯ ಹಕ್ಕಿಯು ಋತು ಬದಲಾದಾಗ ಮತ್ತೊಂದು ಜಾತಿಯಾಗಿ ಮಾರ್ಪಡುವುದೆಂದೂ ಬರೆದನು. ಅನಂತರದ ಕಾಲದಲ್ಲಿ, ಕವಲುತೋಕೆಗಳು ಕೆರೆಗಳ ತಳದ ಕೆಸರಿನಲ್ಲಿ ಹುದುಗಿರುವುವೆಂಬ ನಂಬಿಕೆಯು ಯೂರೋಪಿನಲ್ಲಿ ಬಹುದಿನ ಉಳಿಯಿತು. ದೊಡ್ಡವರು ಹೇಳಿದ್ದನ್ನು ಪರೀಕ್ಷಿಸದೆ ಒಪ್ಪಿಕೊಂಡುದರ ಫಲವಿದು.

1822ರಲ್ಲಿ ಜರ್ಮನಿಯ ಮೆಕ್ಲೆನ್‌ಬರ್ಗ್ ಪ್ರಾಂತದಲ್ಲಿ ಒಂದು ಬಿಳಿ ಕೊಕ್ಕರೆಯು ಸಿಕ್ಕಿತು. ಅದರ ಕೊರಳಿನಲ್ಲಿ ಉದ್ದವಾದ ಒಂದು ಬಾಣವು ನಾಟಿಕೊಂಡಿತ್ತು. ಆ ಬಾಣವು ಮಧ್ಯ ಆಫ್ರಿಕಾದ ಜನರದೆಂದು ತಿಳಿದುಬಂದಿತು. ಗಾಯವನ್ನು ಹೊತ್ತುಕೊಂಡೇ ಆ ಹಕ್ಕಿಯು ಮರುಭೂಮಿಯನ್ನೂ ಸಮುದ್ರವನ್ನೂ ದಾಟಿ ತನ್ನ ಗೂಡಿನ ದೇಶಕ್ಕೆ ಮರಳಿತ್ತು. ಇಂದಿಗೂ ಆ ಕೊಕ್ಕರೆಯನ್ನು ರಾಸ್ಟಾಕ್ ನಗರದ ವಿಶ್ವವಿದ್ಯಾಲಯದಲ್ಲಿ ಕಾಪಾಡಿ ಇರಿಸಿದ್ದಾರೆ. ಸಾವಿರ ಊಹೆಗಳು ಹೇಳಲಾರದುದನ್ನು ಒಂದು ಬಾಣವು ಹೇಳಿತು.

ಆದರೆ ಹಕ್ಕಿಗೆ ಗಾಯವಾಗದೆಯೇ ಇಂಥ ಸಾಕ್ಷಿಯನ್ನು ಪಡೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡವರು ಡೆನ್ಮಾರ್ಕ್ ದೇಶದ ವೀಬೋರ್ ಎಂಬ ಪಟ್ಟಣದ ಒಬ್ಬ ಉಪಾಧ್ಯಾಯರು. ಹೆಸರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸೆನ್. ಅವರು 1890ರಲ್ಲಿ ಸತುವಿನ ಉಂಗುರಗಳನ್ನು ತೊಡಿಸಿ ನೋಡಿದರು. ಅವು ಹಕ್ಕಿಗೆ ಭಾರವಾದುವು. ಆದುದರಿಂದ ಅದನ್ನು ಕೈಬಿಟ್ಟು, ಹಗುರವಾದ ಲೋಹವು ದೊರೆಯುವ ತನಕ ಕಾದರು. 1899ರಲ್ಲಿ ಅಲ್ಯುಮಿನಿಯಮ್ ಉಂಗುರಗಳನ್ನು ಮಾಡಿಸಿ, ಪ್ರತಿಯೊಂದರ ಮೇಲೂ ಬೇರೆ ಬೇರೆ ಸಂಖ್ಯೆಯನ್ನೂ ಊರಿನ ಹೆಸರನ್ನೂ ಕೆತ್ತಿಸಿ, ನಮ್ಮ ಗೊರವಂಕದ ಕುಲಕ್ಕೆ ಸೇರಿದ 165 ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ತೊಡಿಸಿ ಬಿಟ್ಟರು. ಶಾಲೆಯ ಕೆಲಸದ ಜತೆಯಲ್ಲಿಯೇ ಒಬ್ಬ ಉಪಾಧ್ಯಾಯರು ಆರಂಭಿಸಿದ ಈ ಕಾರ್ಯವು ಇಂದು ಜಗತ್ತಿನ ಎಲ್ಲ ಖಂಡಗಳಲ್ಲಿಯೂ ನಡೆಯುತ್ತಿದೆ. ಬಾಲ್ಟಿಕ್ ಸಮುದ್ರದ ದಡದ ರಾಸಿಟ್ಟನ್ ಎಂಬಲ್ಲಿ 1901ರಲ್ಲಿ ಇದಕ್ಕಾಗಿಯೇ ಒಂದು ಕೇಂದ್ರವು ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ 1920ರ ದಶಕದಲ್ಲಿ ಧಾರ್ ಸಂಸ್ಥಾನದ ಮಹಾರಾಜರ ಆಸಕ್ತಿಯಿಂದ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೂಲಕ, ಬಾತುಗಳಿಗೆ ಉಂಗುರ ತೊಡಿಸುವ ಕೆಲಸವು ಮೊದಲಾಯಿತು.

೨. ಕೋಡಿಕ್ಕರೈ

ಭಾರತದ ಭೂಪಟವನ್ನು ಬಿಡಿಸಿ ತಮಿಳುನಾಡಿನ ಪೂರ್ವ ಕರಾವಳಿಯ ಮೇಲೆ ಬೆರಳಿಟ್ಟು ಕೆಳಕ್ಕೆ ಎಳೆಯಿರಿ. ನಾಗಪಟ್ಟಣವನ್ನು ದಾಟಿದ ಮೇಲೆ ದಡವು ಒಮ್ಮೆಗೇ ಮೂಲೆ ತಿರುಗಿ ಪಶ್ಚಿಮಕ್ಕೆ ಹೊರಳುತ್ತದೆ. ಆ ಮೂಲೆಯೇ ಕೋಡಿಕ್ಕರೈ. ಇಂಗ್ಲಿಷರು ಅದನ್ನು ಪಾಯಿಂಟ್ ಕ್ಯಾಲಿಮಿಯರ್ ಎಂದು ಕರೆದರು. ತಮಿಳಿನಲ್ಲಿ ಕೋಡಿ ಎಂದರೆ ಕೊನೆ, ಕರೈ ಎಂದರೆ ದಡ. ಕುಂದಾಪುರದ ಕಡೆಯವರಿಗೆ ಕೋಡಿ ಎಂಬ ಮಾತು ಅಪರಿಚಿತವಲ್ಲ. ಅಲ್ಲಿಂದ ಸಮೀಪದಲ್ಲಿಯೇ, 1930ರಲ್ಲಿ ರಾಜಗೋಪಾಲಾಚಾರಿಯವರು ತಿರುಚಿನಾಪಳ್ಳಿಯಿಂದ ಕಾಲ್ನಡೆಯಾಗಿ ಬಂದು ಉಪ್ಪಿನ ಸತ್ಯಾಗ್ರಹವನ್ನು ನಡೆಸಿದ ವೇದಾರಣ್ಯವಿದೆ. ಇಲ್ಲಿನ ಕುರುಚಲು ಕಾಡಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಅದರ ಆಚೆಗೆ ವಿಸ್ತಾರವಾದ ಉಪ್ಪುನೀರಿನ ಜೌಗುಭೂಮಿಯೂ ಉಪ್ಪಿನ ಮಡಿಗಳೂ ಹಬ್ಬಿವೆ. 1967ರಲ್ಲಿ ಇದನ್ನು ವನ್ಯಪ್ರಾಣಿಗಳ ರಕ್ಷಿತ ಪ್ರದೇಶವೆಂದು ಘೋಷಿಸಿದರು. 2002ರಲ್ಲಿ ರಾಮ್‌ಸಾರ್ ಒಪ್ಪಂದದ ಪ್ರಕಾರ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಯಲ್ಲಿ ಸೇರಿತು.

ಹಕ್ಕಿಗಳು ಈ ಮೂಲೆಯಲ್ಲಿಯೇ ಗುಂಪುಗೂಡುವುದೇತಕ್ಕೆ? ಇದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ದಡದ ಆಕಾರ. ನೆಲದ ಮೇಲೆ ಹಾರುವ ಹಕ್ಕಿಯು ಕಡಲನ್ನು ಕಂಡೊಡನೆ ಅದನ್ನು ದಾಟಲು ಹಿಂಜರಿದು, ದಡದ ಗುಂಟ ಸಾಗುತ್ತದೆ. ಹೀಗೆ ಅಗಲವಾದ ನಾಡಿನಿಂದ ಬಂದ ಹಕ್ಕಿಗಳೆಲ್ಲ, ಆಲಿಕೆಯಲ್ಲಿ ಸುರಿದ ಧಾನ್ಯವು ಒಂದೇ ಬಾಯಿಗೆ ಇಳಿಯುವಂತೆ, ಭೂಮಿಯ ಚಾಚಿದ ತುದಿಗೆ ಬಂದು ಕೂಡುತ್ತವೆ. ನಮ್ಮ ಕಾಡುಗಳಲ್ಲಿಯೂ ಚಳಿಗಾಲವನ್ನು ಕಳೆಯುವ ನವರಂಗವು ಅಂಥದೊಂದು ಹಕ್ಕಿ. ಉತ್ತರ ಮತ್ತು ಮಧ್ಯ ಭಾರತದಲ್ಲಿ ಮರಿಮಾಡಿ, ಶರತ್ಕಾಲದಲ್ಲಿ ರಾತ್ರಿಯ ಹೊತ್ತು ಹಾರುತ್ತ ಈ ಮೂಲೆಯ ಮೂಲಕ ಸಿಂಹಳಕ್ಕೆ ಹೋಗುವ ನವರಂಗಗಳುಂಟು. ಎರಡನೆಯ ಕಾರಣವು ಆಹಾರ. ಈಶಾನ್ಯದ ಮಳೆಯು ಬೀಳತೊಡಗಿದಾಗ ಜೌಗಿನಲ್ಲಿ ಸಿಹಿನೀರು ಸೇರಿ, ಆಳವಿಲ್ಲದ ನೀರಿನಲ್ಲಿ ಹುಳುಗಳೂ ಸಣ್ಣ ಜಲಜಂತುಗಳೂ ವೃದ್ಧಿಯಾಗುತ್ತವೆ. ಅವುಗಳನ್ನು ಆಶ್ರಯಿಸಿ ರಾಜಹಂಸಗಳೂ ನಾನಾ ಜಾತಿಯ ಗೊರವಗಳೂ ರೀವಗಳೂ ನೆರೆಯುತ್ತವೆ. ಅವುಗಳಲ್ಲಿ ಲಿಟ್ಲ್ ಸ್ಟಿಂಟ್ ಎಂಬ ಕಿರುಗೊರವವು ನಮ್ಮ ಊರಗುಬ್ಬಿಯಷ್ಟು ತೂಕದ್ದು. ಸುಮಾರು 25 ಗ್ರಾಂ. ಅದರ ಗೂಡು ಇರುವುದು ಉತ್ತರ ಧ್ರುವದ ಸಮೀಪದ ಹಿಮಪ್ರದೇಶದಲ್ಲಿ!

೩. ಹಿಡಿಯುವ ಕ್ರಮ, ಅಳೆಯುವ ಕ್ರಮ

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕೋಡಿಕ್ಕರೈಯಲ್ಲಿ ಹಲವು ದಶಕಗಳಿಂದ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸಿ ಬಿಡುತ್ತ ಬಂದಿದ್ದಾರೆ. ಹಿಡಿಯುವುದಕ್ಕೆ ಮಂಜುಬಲೆ ಎನ್ನಬಹುದಾದ ಅತಿ ತೆಳುವಾದ ನೂಲಿನ ಬಲೆಯನ್ನು ಉಪಯೋಗಿಸುತ್ತಾರೆ. ಎರಡು ಕಂಬಗಳ ನಡುವೆ ಕಟ್ಟಿದಾಗ ಅದು ಕಣ್ಣಿಗೆ ಬೀಳುವುದೇ ಇಲ್ಲ. ಬಲೆಯಲ್ಲಿ ಅಡ್ಡಲಾಗಿ ಬಿಗಿದಾರಗಳಿದ್ದು, ಅವುಗಳ ಕೆಳಗೆ ಬಲೆಯು ಸಡಿಲವಾಗಿ ಜೋತುಬಿದ್ದು ಚೀಲದಂತಾಗಿರುವುದು. ಹಾರಿಬಂದ ಹಕ್ಕಿಯು ಬಲೆಗೆ ತಾಗಿ ಮೆಲ್ಲನೆ ಆ ಚೀಲದೊಳಗೆ ಬೀಳುವುದು. ಗೊರವಗಳಿಗಾಗಿ ಚಂದ್ರನಿಲ್ಲದ ರಾತ್ರಿಗಳಲ್ಲಿ ಆಳವಿಲ್ಲದ ನೀರಿನ ಮೇಲೆ ಬಲೆಗಳನ್ನು ಕಟ್ಟುತ್ತಾರೆ. ಬೆಳದಿಂಗಳಿದ್ದರೆ ಹಕ್ಕಿಯು ಬಲೆಯನ್ನು ಕಂಡು ತಪ್ಪಿಸಿಕೊಳ್ಳುವುದು.

ಈ ಕೆಲಸದಲ್ಲಿ ಸೊಸೈಟಿಗೆ ನೆರವಾದವರಲ್ಲಿ ಬಿಹಾರದ ಮೀರ್‌ಶಿಕಾರಿಗಳೆಂಬ ಪರಂಪರೆಯ ಬೇಟೆಗಾರರನ್ನು ವಿಶೇಷವಾಗಿ ಹೇಳಬೇಕು. ತಲೆತಲಾಂತರದಿಂದ ಹಕ್ಕಿಗಳನ್ನು ಹಿಡಿದು ಮಾರಿ ಜೀವಿಸುತ್ತಿದ್ದವರ ಕೈಚಳಕವು ಹೀಗೆ ವಿಜ್ಞಾನದ ಸೇವೆಗೆ ಒದಗಿತು. ಯಾವ ಹಕ್ಕಿಯು ಯಾವ ಹೊತ್ತಿನಲ್ಲಿ ಎಲ್ಲಿ ಇಳಿಯುವುದು, ಯಾವ ಬಲೆಯಲ್ಲಿ ನೋವಿಲ್ಲದೆ ಸಿಕ್ಕುವುದು ಎಂಬ ಅವರ ಅರಿವು ಯಾವ ಪುಸ್ತಕದಿಂದಲೂ ಬರತಕ್ಕದ್ದಲ್ಲ.

ಬಲೆಯನ್ನು ಕಟ್ಟಿ ಮಲಗಲಾಗದು. ಮತ್ತೆ ಮತ್ತೆ ಹೋಗಿ ನೋಡಬೇಕು. ಮಳೆ ಬಂದರೆ ಕೂಡಲೇ ಸುತ್ತಿಡಬೇಕು. ಬಿಸಿಲು ಏರಿದ ಮೇಲೆ ಬಿಟ್ಟಿರಬಾರದು. ಸಿಕ್ಕಿದ ಹಕ್ಕಿಯನ್ನು ಬಿಡಿಸುವಾಗ ಅವಸರಪಡಬಾರದು. ಅದರ ಬೆನ್ನು ಅಂಗೈಗೆ ತಾಗುವಂತೆಯೂ ಕೊರಳು ತೋರುಬೆರಳಿಗೂ ನಡುಬೆರಳಿಗೂ ಮಧ್ಯೆ ಸಡಿಲವಾಗಿ ನಿಲ್ಲುವಂತೆಯೂ ಹಿಡಿಯಬೇಕು. ಎದೆಯನ್ನು ಅದುಮಿದರೆ ಹಕ್ಕಿಗೆ ಉಸಿರಾಡಲಾಗದು. ಏಕೆಂದರೆ ಅದರ ಉಸಿರಾಟವು ಎದೆಗೂಡಿನ ಚಲನೆಯಿಂದಲೇ ನಡೆಯತಕ್ಕದ್ದು. ಹಕ್ಕಿಯ ಕ್ಷೇಮವು ಮೊದಲು, ಮಾಹಿತಿಯು ಅನಂತರ. ಇದೇ ಈ ವಿದ್ಯೆಯ ಮೊದಲನೆಯ ನಿಯಮ. ಆದುದರಿಂದಲೇ ತರಬೇತಿಯನ್ನು ಪಡೆದವರೂ ಸರ್ಕಾರದ ಅನುಮತಿಯುಳ್ಳವರೂ ಮಾತ್ರ ಇದನ್ನು ಮಾಡತಕ್ಕದ್ದು.

ಬಳಿಕ ಹಕ್ಕಿಯನ್ನು ಬಟ್ಟೆಯ ಚೀಲದಲ್ಲಿ ಕೇಂದ್ರಕ್ಕೆ ತಂದು ಕ್ರಮವಾಗಿ ಈ ಕೆಲಸಗಳನ್ನು ಮಾಡುತ್ತಾರೆ: ಜಾತಿಯನ್ನು ಗುರುತಿಸುವುದು, ಕಾಲಿನ ದಪ್ಪಕ್ಕೆ ತಕ್ಕ ಅಳತೆಯ ಉಂಗುರವನ್ನು ಆರಿಸಿ, ಇಕ್ಕಳದಿಂದ ಅದರ ಬಾಯಿಯನ್ನು ಕೂಡಿಸುವುದು, ರೆಕ್ಕೆ, ಕೊಕ್ಕು, ಕಾಲುಗಳನ್ನು ಅಳೆಯುವುದು, ಗರಿಗಳಲ್ಲಿ ಹಳೆಯವು ಯಾವುವು, ಹೊಸದಾಗಿ ಮೂಡುತ್ತಿರುವುವು ಯಾವುವು ಎಂಬುದನ್ನು ನೋಡಿ ವಯಸ್ಸನ್ನು ನಿರ್ಣಯಿಸುವುದು, ಕೊನೆಗೆ ತೂಗುವುದು. ಕೊರಳಿನ ಬುಡದ ಗರಿಗಳನ್ನು ಮೆಲ್ಲನೆ ಊದಿ ಸರಿಸಿದರೆ, ತೆಳುವಾದ ಚರ್ಮದ ಕೆಳಗೆ ಹಳದಿಯ ಕೊಬ್ಬು ಕಾಣುವುದು. ಆ ಕೊಬ್ಬೇ ಹಕ್ಕಿಯ ದಾರಿಯ ಬುತ್ತಿ. ದೂರದ ಹಾರಾಟಕ್ಕೆ ಮುಂಚೆ ಕೆಲವು ಜಾತಿಯ ಗೊರವಗಳು ತಮ್ಮ ಸಾಮಾನ್ಯ ತೂಕದ ಅರ್ಧದಷ್ಟನ್ನು, ಕೆಲವು ಅದಕ್ಕಿಂತಲೂ ಹೆಚ್ಚನ್ನು, ಕೊಬ್ಬಿನ ರೂಪದಲ್ಲಿ ಕೂಡಿಹಾಕಿಕೊಳ್ಳುತ್ತವೆ. ಎಲ್ಲವನ್ನೂ ತಾರೀಖು ಸಹಿತವಾಗಿ ಪುಸ್ತಕದಲ್ಲಿ ಬರೆದು ಹಕ್ಕಿಯನ್ನು ಬಿಟ್ಟುಬಿಡುತ್ತಾರೆ. ಒಂದು ಅಂಕೆಯನ್ನು ತಪ್ಪಾಗಿ ಬರೆದರೂ ಆ ಉಂಗುರವು ಸುಳ್ಳು ಸಾಕ್ಷಿಯನ್ನು ನುಡಿಯುವುದು. ಲೆಕ್ಕದ ಪುಸ್ತಕದಲ್ಲಿ ಅಂಕೆಗಳನ್ನು ಅಂದವಾಗಿ ಬರೆಯಿರೆಂದು ನಿಮ್ಮ ಉಪಾಧ್ಯಾಯಿನಿಯರು ಒತ್ತಾಯಿಸುವುದು ಸುಮ್ಮನೆ ಅಲ್ಲ.

೪. ಉಂಗುರವು ಕಲಿಸುವ ಗಣಿತ

ಉಂಗುರ ತೊಟ್ಟ ಸಣ್ಣ ಹಕ್ಕಿಗಳಲ್ಲಿ ಮತ್ತೆ ದೂರದೇಶದಲ್ಲಿ ಕೈಗೆ ಸಿಕ್ಕುವುವು ಬಹು ವಿರಳ. ನೂರಕ್ಕೆ ಒಂದೂ ಇರುವುದಿಲ್ಲ. ಹಾಗಾದರೆ ಉಳಿದ ತೊಂಬತ್ತೊಂಬತ್ತರ ಮೇಲಿನ ಶ್ರಮವು ವ್ಯರ್ಥವೇ? ಅಲ್ಲ. ಅದೇ ಸ್ಥಳದಲ್ಲಿ ಮತ್ತೆ ಸಿಕ್ಕುವ ಹಕ್ಕಿಯೂ ಬಹಳ ಹೇಳುವುದು. ದೃಷ್ಟಾಂತಕ್ಕಾಗಿ, ಒಂದು ಹಕ್ಕಿಯು ಮೊದಲು ಸಿಕ್ಕಾಗ 22 ಗ್ರಾಂ ಇದ್ದು, 16 ದಿನಗಳ ಮೇಲೆ ಮತ್ತೆ ಸಿಕ್ಕಾಗ 30 ಗ್ರಾಂ ಇದ್ದರೆ, ಅದು ದಿನಕ್ಕೆ ಅರ್ಧ ಗ್ರಾಂನಂತೆ ಬುತ್ತಿಯನ್ನು ಕಟ್ಟಿಕೊಂಡಿತೆಂದು ತಿಳಿಯುವುದು. ತೂಕವು ಹೆಚ್ಚದಿದ್ದರೆ ಆ ಜೌಗಿನಲ್ಲಿ ಆಹಾರವು ಸಾಲದೆಂದು ಸಂಶಯಪಡಬೇಕು.

ಎಣಿಸಲಾಗದ ಗುಂಪನ್ನು ಎಣಿಸುವುದಕ್ಕೂ ಉಂಗುರವು ಸಹಾಯವಾಗುವುದು. ಒಂದು ಜೌಗಿನಲ್ಲಿ 100 ಹಕ್ಕಿಗಳಿಗೆ ಉಂಗುರ ತೊಡಿಸಿ ಬಿಟ್ಟೆವೆಂದು ಇಟ್ಟುಕೊಳ್ಳಿರಿ. ಕೆಲವು ದಿನಗಳ ಮೇಲೆ 50 ಹಕ್ಕಿಗಳನ್ನು ಹಿಡಿದಾಗ ಅವುಗಳಲ್ಲಿ 5ಕ್ಕೆ ಉಂಗುರವಿದ್ದರೆ, ಹತ್ತರಲ್ಲಿ ಒಂದಕ್ಕೆ ಉಂಗುರವಿದೆ ಎಂದಾಯಿತು. ಆದುದರಿಂದ ಅಲ್ಲಿರುವ ಹಕ್ಕಿಗಳ ಸಂಖ್ಯೆಯು ಸುಮಾರು 1000. ಈ ಮಧ್ಯೆ ಹೊಸ ಹಕ್ಕಿಗಳು ಬರದೆ, ಹಳೆಯವು ಹೋಗದೆ ಇದ್ದರೆ ಮಾತ್ರ ಈ ಲೆಕ್ಕವು ಸರಿಯಾಗುವುದೆಂಬುದನ್ನು ಮರೆಯಬಾರದು. ತ್ರೈರಾಶಿಯು ಅಂಗಡಿಯ ಲೆಕ್ಕಕ್ಕೆ ಮಾತ್ರವೆಂದು ತಿಳಿದಿರುವವರು ಇದನ್ನು ಗಮನಿಸಲಿ.

ದೂರದಲ್ಲಿ ದೊರೆತ ಉಂಗುರಗಳಂತೂ ಜಗತ್ತನ್ನೇ ಬೆರಗುಗೊಳಿಸಿವೆ. 1982ರ ಬೇಸಗೆಯಲ್ಲಿ ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ, ಇನ್ನೂ ಹಾರಲು ಬಾರದ ಆರ್ಕ್‌ಟಿಕ್ ರೀವದ ಒಂದು ಮರಿಗೆ ಉಂಗುರವನ್ನು ತೊಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಬಳಿಯಲ್ಲಿತ್ತು! ಶಾಂತಸಾಗರದ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಉಂಗುರ ತೊಟ್ಟ ಒಂದು ಹೆಣ್ಣು ಆಲ್ಬಟ್ರಾಸ್ ಹಕ್ಕಿಯು ಅರವತ್ತು ವರ್ಷಗಳು ಕಳೆದ ಮೇಲೂ ಅದೇ ದ್ವೀಪಕ್ಕೆ ಬಂದು ಮೊಟ್ಟೆಯಿಟ್ಟಿತು. ಕಾಲಿನಲ್ಲಿ ಆ ಸಂಖ್ಯೆಯಿರದಿದ್ದರೆ ಅದರ ವಯಸ್ಸನ್ನು ಯಾರು ನಂಬುತ್ತಿದ್ದರು? ಭಾರತದಲ್ಲಿ ಉಂಗುರ ತೊಟ್ಟ ಬಾತುಗಳೂ ಗೊರವಗಳೂ ಸೈಬೀರಿಯದಲ್ಲಿಯೂ ಮಧ್ಯ ಏಷ್ಯದ ನಾಡುಗಳಲ್ಲಿಯೂ ದೊರೆತಿವೆ. ಮಂಗೋಲಿಯ ದೇಶದಲ್ಲಿ ಕೊರಳಪಟ್ಟಿಯನ್ನು ತೊಡಿಸಿದ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ನಮ್ಮ ಮೈಸೂರು ಸೀಮೆಯ ಕೆರೆಗಳಿಗೆ ಬಂದುದನ್ನು ಕಂಡವರಿದ್ದಾರೆ.

೫. ಆರೋಪ ಹೊತ್ತ ಹಕ್ಕಿಗಳು

ಈ ವಿಷಯವು ನಮ್ಮ ಕನ್ನಡನಾಡಿಗೆ ಹೇಗೆ ಸಂಬಂಧಪಟ್ಟಿದೆಯೆಂಬುದನ್ನು, ವಿಶೇಷವಾಗಿ ಮಲೆನಾಡಿನ ವಿದ್ಯಾರ್ಥಿನಿಯರು, ತಿಳಿಯತಕ್ಕದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬೀಳತೊಡಗಿದುವು. ಸುತ್ತಣ ಹಳ್ಳಿಗಳಲ್ಲಿ ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗಿಬಂದವರು ವಿಪರೀತ ಜ್ವರದಿಂದ ನರಳಿದರು, ಹಲವರು ತೀರಿಕೊಂಡರು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿ, ಅದು ಉಣ್ಣೆಗಳ ಮೂಲಕ ಹರಡುವುದೆಂದು ಕಂಡುಹಿಡಿದರು. ಆದರೆ ಅದು ರಷ್ಯದ ಕಾಡುಗಳಲ್ಲಿ ಕಾಣುವ ಒಂದು ರೋಗಾಣುವಿನ ಹತ್ತಿರದ ಸಂಬಂಧಿಯಾಗಿತ್ತು! ರಷ್ಯದ ರೋಗದ ನೆಂಟನು ಸೊರಬದ ಕಾಡಿಗೆ ಹೇಗೆ ಬಂದನು? ಪ್ರತಿ ವರ್ಷವೂ ಅಲ್ಲಿಂದ ಇಲ್ಲಿಗೆ ಬರುವವರು ಯಾರು? ಸಂಶಯವು ಸಹಜವಾಗಿಯೇ ವಲಸೆ ಹಕ್ಕಿಗಳ ಮೇಲೆ ಬಿತ್ತು. ಅವುಗಳ ಮೈಗೆ ಅಂಟಿದ ಉಣ್ಣೆಗಳು ರೋಗವನ್ನು ತಂದಿರಬಹುದೆಂದು ವಿದ್ವಾಂಸರು ಶಂಕಿಸಿದರು.

ಶಂಕೆಯನ್ನು ತೀರ್ಮಾನವೆಂದು ಸಾರಿ ಹಕ್ಕಿಗಳನ್ನು ಕೊಲ್ಲುವುದಕ್ಕೆ ಅವರು ಹೊರಡಲಿಲ್ಲ; ಪರೀಕ್ಷಿಸಲು ಹೊರಟರು. ವಿಶ್ವ ಆರೋಗ್ಯ ಸಂಸ್ಥೆಯ ಧನಸಹಾಯದಿಂದ, ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರ (1896-1987) ಮುಂದಾಳುತನದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1959ರಲ್ಲಿ ಹಕ್ಕಿಗಳ ವಲಸೆಯ ದೊಡ್ಡ ಅಧ್ಯಯನವನ್ನು ಆರಂಭಿಸಿತು. ದೇಶದ ನಾನಾ ಸ್ಥಳಗಳಲ್ಲಿ ಹಕ್ಕಿಗಳನ್ನು ಹಿಡಿದು, ಅವುಗಳ ಮೈಮೇಲಿನ ಉಣ್ಣೆಗಳನ್ನು ಆರಿಸಿ, ಉಂಗುರ ತೊಡಿಸಿ ಬಿಟ್ಟರು. ಅನೇಕ ವರ್ಷಗಳ ಶ್ರಮದ ಮೇಲೂ, ಮಂಗನ ಕಾಯಿಲೆಯನ್ನು ಹಕ್ಕಿಗಳು ರಷ್ಯದಿಂದ ಹೊತ್ತುತಂದುವೆಂಬುದಕ್ಕೆ ಪುರಾವೆಯು ಸಿಕ್ಕಲಿಲ್ಲ. ಆರೋಪಿಗಳ ಮೇಲಣ ಅಪವಾದವು ನಿಲ್ಲಲಿಲ್ಲ. ಆದರೆ ಆ ಅಪವಾದದ ನೆಪದಿಂದಲೇ ನಮ್ಮ ದೇಶದ ಹಕ್ಕಿಗಳ ಹಾರುಹಾದಿಗಳು ಮೊದಲ ಬಾರಿಗೆ ವಿಸ್ತಾರವಾಗಿ ತಿಳಿದುಬಂದುವು.

ಇದರಲ್ಲಿ ಅಡಗಿರುವ ನೀತಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ದೂರದಿಂದ ಬಂದವರ ಮೇಲೆ ದೋಷವನ್ನು ಹೊರಿಸುವುದು ಸುಲಭ; ಸಾಕ್ಷಿಯನ್ನು ಕೂಡಿಸುವುದು ಕಷ್ಟ. ವಸತಿಗೃಹದಲ್ಲಿ ಒಂದು ಪುಸ್ತಕವು ಕಾಣೆಯಾದರೆ ಹೊಸದಾಗಿ ಬಂದ ಹುಡುಗಿಯ ಕಡೆಗೆ ಕಣ್ಣು ಹೊರಳಿಸುವವರು ಕ್ಯಾಸನೂರಿನ ಕಥೆಯನ್ನು ನೆನೆದುಕೊಳ್ಳಲಿ.

೬. ಇಂದಿನ ಸ್ಥಿತಿ

ಈಗ ಉಂಗುರದ ಜತೆಗೆ, ದೂರದರ್ಶಕದಿಂದಲೇ ಓದಬಹುದಾದ ಬಣ್ಣದ ಪಟ್ಟಿಗಳನ್ನೂ ಕೃತಕ ಉಪಗ್ರಹಕ್ಕೆ ಸುದ್ದಿ ಕಳುಹಿಸುವ ಕಿರುಯಂತ್ರಗಳನ್ನೂ ಬಳಸುತ್ತಾರೆ. ಅಂಥ ಯಂತ್ರವನ್ನು ಹೊತ್ತ ಒಂದು ಎಳೆಯ ಗಾಡ್‌ವಿಟ್ ಹಕ್ಕಿಯು 2022ರ ಅಕ್ಟೋಬರಿನಲ್ಲಿ ಅಲಾಸ್ಕದಿಂದ ಟಾಸ್ಮೇನಿಯಕ್ಕೆ, ಎಲ್ಲಿಯೂ ಇಳಿಯದೆ, 13,500 ಕಿಲೋಮೀಟರುಗಳಿಗಿಂತಲೂ ಹೆಚ್ಚು ದೂರವನ್ನು 11 ದಿನಗಳಲ್ಲಿ ಹಾರಿತು. ಆದರೂ ಯಂತ್ರವು ಬೆಲೆಯುಳ್ಳದ್ದು, ಉಂಗುರವು ಅಗ್ಗವಾದದ್ದು. ಸಾವಿರಾರು ಹಕ್ಕಿಗಳ ಆಯುಷ್ಯವನ್ನೂ ಏಳುಬೀಳುಗಳನ್ನೂ ತಿಳಿಸುವುದಕ್ಕೆ ಉಂಗುರವೇ ಇಂದಿಗೂ ಬೇಕು.

ಆ ಉಂಗುರಗಳೂ ಎಣಿಕೆಗಳೂ ಕೋಡಿಕ್ಕರೈಯಿಂದ ತರುತ್ತಿರುವ ಸುದ್ದಿಯು ಸಂತೋಷದ್ದಲ್ಲ. 1980ರ ದಶಕದಲ್ಲಿ ನೆರೆಯುತ್ತಿದ್ದಷ್ಟು ಗೊರವಗಳು ಈಗ ಅಲ್ಲಿ ನೆರೆಯುತ್ತಿಲ್ಲ. ಜೌಗಿಗೆ ಹರಿದುಬರುವ ಸಿಹಿನೀರು ಕಡಮೆಯಾಗಿದೆ. ಉಪ್ಪಿನ ಕಾರ್ಖಾನೆಗಳು ವಿಸ್ತರಿಸಿವೆ. ನೀರಿನ ಉಪ್ಪು ಹೆಚ್ಚಿದಂತೆ ಹುಳುಗಳು ಕ್ಷೀಣಿಸುತ್ತವೆ. 2018ರ ನವೆಂಬರಿನಲ್ಲಿ ಬೀಸಿದ ಗಜ ಚಂಡಮಾರುತವು ಅಲ್ಲಿನ ಕಾಡನ್ನು ಬಹಳವಾಗಿ ಹಾಳುಮಾಡಿತು. ಹಕ್ಕಿಯ ದಾರಿಯು ಸರಪಳಿಯಂತೆ. ಅದರ ಒಂದು ಕೊಂಡಿಯು ಕಳಚಿದರೂ ಉಳಿದ ಕೊಂಡಿಗಳಿಂದ ಪ್ರಯೋಜನವಿಲ್ಲ. ಸೈಬೀರಿಯದಿಂದ ಹಿಂದೂ ಮಹಾಸಾಗರದ ದ್ವೀಪಗಳವರೆಗೆ ಹಬ್ಬಿರುವ ಮಧ್ಯ ಏಷ್ಯದ ಹಾರುಹಾದಿಯು 30 ದೇಶಗಳ ಮೇಲೆ ಹಾದುಹೋಗುತ್ತದೆ. ಆ ಮೂವತ್ತರಲ್ಲಿ ಇಪ್ಪತ್ತೊಂಬತ್ತು ದೇಶಗಳು ಕಾಪಾಡಿ, ಒಂದು ದೇಶವು ತನ್ನ ಕೆರೆಯನ್ನು ಬತ್ತಿಸಿದರೂ ಬುತ್ತಿಯಿಲ್ಲದ ಹಕ್ಕಿಯು ಮುಂದಿನ ದಡವನ್ನು ಮುಟ್ಟಲಾರದು. ಊರ ಕೆರೆಗೆ ಕಸವನ್ನು ಸುರಿಯುವವರಿಗೆ ತಾವು ಉತ್ತರ ಧ್ರುವದ ಒಂದು ಗೂಡನ್ನು ಬರಿದುಮಾಡುತ್ತಿರುವೆವೆಂಬ ಅರಿವು ಇರುವುದಿಲ್ಲ. ಆ ಅರಿವನ್ನು ಹಂಚುವುದು ಓದುಬರಹ ಕಲಿತವರ ಕರ್ತವ್ಯ.

೭. ನಾವು ಮಾಡಬಹುದಾದುದು

ಉಂಗುರವಿರುವ ಹಕ್ಕಿಯು ಸತ್ತುಬಿದ್ದಿರುವುದನ್ನು ಕಂಡರೆ ಬರಿಗೈಯಿಂದ ಮುಟ್ಟಬೇಡಿರಿ. ಹಿರಿಯರೊಬ್ಬರನ್ನು ಕರೆದು ಉಂಗುರದ ಮೇಲಿನ ಅಕ್ಷರಗಳನ್ನೂ ಸಂಖ್ಯೆಯನ್ನೂ ಇದ್ದಂತೆಯೇ ಬರೆದುಕೊಳ್ಳಿರಿ. ತಾರೀಖು, ಊರು, ತಾಲ್ಲೂಕು, ಹಕ್ಕಿಯು ಸಿಕ್ಕಿದ ಬಗೆ ಇಷ್ಟನ್ನು ಸೇರಿಸಿ ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿರಿ. ಜೀವಂತ ಹಕ್ಕಿಯ ಉಂಗುರವನ್ನು ಎಂದಿಗೂ ತೆಗೆಯಬಾರದು. ಅದು ಆಭರಣವಲ್ಲ, ಇನ್ನೂ ಬರೆದು ಮುಗಿಯದ ಒಂದು ಪತ್ರ.

ಬಲೆ, ಉಂಗುರ, ಅನುಮತಿಗಳಿಲ್ಲದಿದ್ದರೂ ಕಣ್ಣು ಮತ್ತು ಪುಸ್ತಕವು ಎಲ್ಲರಲ್ಲಿಯೂ ಉಂಟು. ಆದುದರಿಂದ ಈ ವರ್ಷ ಪ್ರತಿ ತರಗತಿಯವರೂ ಕೆಳಗಿನ ಅಭ್ಯಾಸಗಳನ್ನು ಮಾಡಬೇಕೆಂದು ಕೋರುತ್ತೇನೆ.

1. ಸೆಪ್ಟೆಂಬರ್ ಮೊದಲನೆಯ ದಿನದಿಂದ ಶಾಲೆಯ ಆವರಣದಲ್ಲಿಯೂ ನಿಮ್ಮ ಊರಿನ ಕೆರೆಯಲ್ಲಿಯೂ ಸಿಪಿಲೆ, ಕವಲುತೋಕೆ, ಗದ್ದೆಗೊರವ ಇವುಗಳನ್ನು ಮೊದಲು ಕಂಡ ತಾರೀಖನ್ನು ಬರೆದಿಡಿರಿ. ಕೊನೆಯ ಸಾರಿ ಕಂಡ ತಾರೀಖನ್ನು ಏಪ್ರಿಲ್‌ನಲ್ಲಿ ಸೇರಿಸಿರಿ.

2. ಭೂಪಟದಲ್ಲಿ ಕೋಡಿಕ್ಕರೈ, ಸೊರಬ, ಮಂಗೋಲಿಯ ಮತ್ತು ಉತ್ತರ ಸೈಬೀರಿಯಗಳನ್ನು ಗುರುತಿಸಿರಿ.

3. ಒಂದು ಕೆರೆಯಲ್ಲಿ 80 ಹಕ್ಕಿಗಳಿಗೆ ಉಂಗುರ ತೊಡಿಸಿದ ಮೇಲೆ, ಎರಡನೆಯ ಸಾರಿ ಹಿಡಿದ 60ರಲ್ಲಿ 4ಕ್ಕೆ ಉಂಗುರವಿದ್ದರೆ ಕೆರೆಯಲ್ಲಿರುವ ಹಕ್ಕಿಗಳೆಷ್ಟು?

4. ನಿಮ್ಮ ಊರಿನ ಕೆರೆಯು ಹತ್ತು ವರ್ಷಗಳ ಹಿಂದೆ ಹೇಗಿತ್ತೆಂದು ಮನೆಯ ಹಿರಿಯರನ್ನು ಕೇಳಿ ಒಂದು ಪುಟದಷ್ಟು ಬರೆಯಿರಿ.

ಹತ್ತು ವರ್ಷ ಎಡೆಬಿಡದೆ ಇಟ್ಟುಕೊಂಡುಬಂದ ಇಂಥ ಒಂದು ಪುಸ್ತಕವು ನಮ್ಮ ಶಾಲೆಯಲ್ಲಿದ್ದರೆ, ಮುಂದೆ ಬರುವ ಹುಡುಗಿಯರು ಊಹೆಯಿಂದಲ್ಲ, ಸಾಕ್ಷಿಯಿಂದ ಮಾತನಾಡುವರು. ಅಂಥ ಪುಸ್ತಕದ ಮೊದಲನೆಯ ಪುಟವನ್ನು ಬರೆಯುವ ಭಾಗ್ಯವು ಈ ವರ್ಷದವರದಾಗಲಿ.